ತಟ್ಟೆಯಂಚಿನ ಖಾರ

ಮುಚ್ಚಳ ಮತ್ತೆ ಕುಣಿಯುತ್ತಿದೆ, ಹುರುಳಿ ಬೆಂದಿರಬೇಕು, ಇಲ್ಲ, ಇನ್ನೂ ಇಲ್ಲ, ಬೆಂದ ಹುರುಳಿಯ ವಾಸನೆ ಮೊದಲು ಗಂಟಲಿಗೆ ಬರುತ್ತದೆ ಆಮೇಲೆ ಮೂಗಿಗೆ ಎಂದು ಅತ್ತೆ ಹೇಳುತ್ತಿದ್ದರು, ವಾಸನೆ ಗಂಟಲಿಗೆ ಹೇಗೆ ಬರುತ್ತೆ ಅತ್ತೆ ಎಂದು ಶಿವರಂಜಿನಿ ನಕ್ಕಿದ್ದಳು, ಈಗ ನೋಡಿದರೆ ನಿಜವೇ, ಗಂಟಲಲ್ಲಿ ಸಣ್ಣಗೆ ಏನೋ ಒಣಗಿದ ಹಾಗಾಗುತ್ತದೆ, ಆಗಲೇ ಸೊಪ್ಪು ಹಾಕಬೇಕು, ಅದಕ್ಕಿಂತ ಮುಂಚೆ ಹಾಕಿದರೆ ಕಾಳು ಬೆಂದ ನೀರು, ಆ ಕಟ್ಟು, ಕಪ್ಪಾಗುತ್ತದೆ — ಕಪ್ಪಾದರೆ ಏನಂತೆ, ರುಚಿಗೂ ಬಣ್ಣಕ್ಕೂ ಏನು ಸಂಬಂಧ, ಅದನ್ನೂ ಒಂದು ದಿನ ಮಾಡಿ ನೋಡಬೇಕಿತ್ತು, ಈಗ ದಿನ ಎಲ್ಲಿದೆ, ಇವತ್ತೊಂದೇ ಸಂಜೆ. ಅತ್ತೆ ಕರಿಯಮ್ಮ ಹೋಗಿ ನಲವತ್ತು ದಿನ ದಾಟಿತು, ಅವರ ಸೀರೆಗಳನ್ನೆಲ್ಲ ಹಂಚಿದ್ದಾಯಿತು, ಅಡುಗೆಮನೆ ಮಾತ್ರ ಇನ್ನೂ ಅವರ ಕೈಯಲ್ಲೇ ಇದೆ, ಉಪ್ಪಿನ ಗಡಿಗೆ ಅವರು ಇಟ್ಟ ಕಡೆಯೇ ಇದೆ, ಮುದ್ದೆ ಕೋಲಿನ ಹಿಡಿ ಅವರ ಅಂಗೈಗೆ ಸವೆದದ್ದು ಸೊಸೆಯ ಅಂಗೈಗೆ ಇನ್ನೂ ಒಗ್ಗಿಲ್ಲ, ಹೊರಗೆ ಜಗಲಿಯ ಮೇಲೆ ಮಾವ ಬಸವಯ್ಯ ಕೂತಿದ್ದಾರೆ, ಕೆಮ್ಮಿದ್ದು ಅವರೇ, ಹಸಿವಾಗಿದೆ ಎಂದು ಬಾಯಿಬಿಟ್ಟು ಹೇಳುವ ಪೈಕಿ ಅಲ್ಲ, ಆದರೆ ಹಸಿವಾದಾಗಲೇ ಹಾಗೆ ಕೆಮ್ಮುವುದು, ಹಸಿದವರು ಎರಡೇ ತುತ್ತಿಗೆ ಕೈ ತೊಳೆಯುವುದು ಯಾಕೆ, ಅದೇ ಅವಳ ತಲೆ ತಿನ್ನುತ್ತಿರುವುದು.

ಮೊನ್ನೆ ತೆರಕಣಾಂಬಿ ಬಸ್ ಸ್ಟ್ಯಾಂಡಿನ ಹತ್ತಿರ ರಾಚಯ್ಯನ ಟೀ ಅಂಗಡಿ ಮುಂದೆ ಕುಸಿದು ಕೂತರಂತೆ, ಮೈಯೆಲ್ಲ ಬೆವರು, ರಾಚಯ್ಯ ಬಾಯಿಗೆ ಒಂದು ಹಿಡಿ ಸಕ್ಕರೆ ಹಾಕಿದ್ದಕ್ಕೆ ಜೀವ ಉಳಿಯಿತು, ಸಕ್ಕರೆ ಕಾಯಿಲೆಯವನ ಜೀವ ಸಕ್ಕರೆಯೇ ಉಳಿಸಿದ್ದು ನೋಡು ಎಂದು ಅವಳಿಗೆ ಆಶ್ಚರ್ಯ, ಡಾಕ್ಟರ್ ಮಾತ್ರ ಗದರಿದರು, ಮಾತ್ರೆ ನುಂಗಿ ರಾತ್ರಿ ಊಟ ಬಿಟ್ಟರೆ ಇನ್ನೊಂದು ಸಲ ಇವರು ಏಳಲ್ಲಮ್ಮ, ಅವರು ನೋಡಿದ್ದು ಅವಳ ಮುಖವನ್ನೇ, ಊಟ ಹಾಕುವವಳು ಅವಳಲ್ಲವೇ. ಮಧ್ಯಾಹ್ನ ಮಜ್ಜಿಗೆ ಅನ್ನ ಹೇಗೋ ಇಳಿಯುತ್ತದೆ, ರಾತ್ರಿಗೆ ಮುದ್ದೆ ಉಪ್ಸಾರೇ ಆಗಬೇಕು, ಚಪಾತಿ ಮಾಡಿದರೆ ಮುರಿದು ಮುರಿದು ನಾಯಿಗೆ ಹಾಕಿದರು, ಮೊಟ್ಟೆ ಬೇಯಿಸಿಟ್ಟರೆ ನಿನ್ ಗಂಡಂಗ್ ಕೊಡು ಮಗ ಅಂದರು, ಬೇಕಾದದ್ದು ಉಪ್ಸಾರು, ಅದೇ ಗಂಟಲಲ್ಲಿ ಇಳಿಯದ್ದು. ಗಂಡ ಶಿವಮಲ್ಲು ಬೆಳಿಗ್ಗೆ ಲೈನ್‌ಮನ್ ಬೆಲ್ಟು ಬಿಗಿಯುತ್ತ ಅಂದ, ನಾಳಿಕೆ ಅಪ್ಪುನ್ನ ಗುಂಡ್ಲುಪೇಟೆಗೆ ಕುಮಾರಿ ಮನೆಗೆ ಬುಟ್ಟು ಬತ್ತೀನಿ ಕಣಮ್ಮಿ, ಮಗಳ ಕೈಯಡ್ಗೆ ಆದ್ರೂ ವಸಿ ಉಣ್ಲಿ, ನೀನೇನ್ ಬೇಜಾರ್ ಮಾಡ್ಕಬ್ಯಾಡ, ಬೇಜಾರಾಗದೆ ಇರುತ್ತದೆಯೇ, ಮಾವ ಒಳಗಿನಿಂದಲೇ ಕೇಳಿಸಿಕೊಂಡು ಆ ಪ್ಯಾಟೆ ಮನೆ ಮೂರ್ನೆ ಮಹಡಿಲಿ ನಾನೇನ್ಲ ಮಾಡ್ಲಿ, ಒಲ್ದಲ್ಲಿ ತೊಗ್ರಿ ಹೂ ಬುಟ್ಟದೆ ಅಂದರು, ಆ ದನಿ ಎಷ್ಟು ಸಣ್ಣದಾಗಿತ್ತು, ನಲವತ್ತು ದಿನದಲ್ಲಿ ಒಬ್ಬ ಮನುಷ್ಯನ ದನಿ ಇಷ್ಟು ಸಣ್ಣಗಾಗುವುದುಂಟೇ.

ಸೊಪ್ಪು ಬಿತ್ತು, ಬೇಲಿ ಬದಿಯಲ್ಲಿ ಕಿತ್ತ ಬೆರಕೆ ಸೊಪ್ಪು, ಅಣ್ಣೆ, ಕಿರಕಸಾಲೆ, ಒಂದಿಷ್ಟು ಹೊನಗೊನೆ, ಬಸ್ಸಿಳಿದು ಬರುವಾಗ ಬಗ್ಗಿ ಬಗ್ಗಿ ಕಿತ್ತದ್ದು, ಕಾಸಿಲ್ಲದ ಪದಾರ್ಥ, ಒಂದು ಹಿಡಿ ಹುರುಳಿ, ಒಂದು ಹಿಡಿ ಸೊಪ್ಪು, ಉಪ್ಪು, ನೀರು, ಇಷ್ಟರಲ್ಲಿ ತಪ್ಪುವುದಕ್ಕೆ ಇರುವುದಾದರೂ ಏನು, ಅವಳು ಚಾಮರಾಜನಗರದ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಒಂಬತ್ತು ವರ್ಷದಿಂದ ಅಟೆಂಡರ್, ಹುಡುಗರಿಗೆ ಹನಿ ಹನಿ ಬಿಡುವ ಬ್ಯುರೆಟ್ ಕೊಳವೆ ತೊಳೆದು ಕೊಡುವವಳು, ಉಪ್ಪು ಯಾವುದು ಎಂದು ಬಣ್ಣ ನೋಡಿ ಹೇಳುವವಳು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಬೇಕು ಎಂಬುದು ಆ ಲ್ಯಾಬು ಕಲಿಸಿದ ಪಾಠ. ಹಾಗೇ ಮಾಡಿದಳಲ್ಲ, ಒಂದು ದಿನ ಗ್ಯಾಸು ಬಿಟ್ಟು ಸೌದೆ ಒಲೆ, ಒಂದು ದಿನ ಕುಕ್ಕರ್ ಬಿಟ್ಟು ಅತ್ತೆಯ ಮಣ್ಣಿನ ಮಡಕೆ, ಒಂದು ದಿನ ನಲ್ಲಿ ನೀರು ಬಿಟ್ಟು ಬೋರಿನ ನೀರು, ಬೆಳ್ಳುಳ್ಳಿ ಹಸಿ, ಬೆಳ್ಳುಳ್ಳಿ ಕೆಂಡದಲ್ಲಿ ಸುಟ್ಟದ್ದು, ಹುಣಸೆ ಹೊಸದು, ಹುಣಸೆ ಹಳೆಯದು, ಮಿಕ್ಸಿ ಬಿಟ್ಟು ಒರಳು, ಒರಳಲ್ಲಿ ಮೊದಲು ಜೀರಿಗೆ ಆಮೇಲೆ ಮೆಣಸಿನಕಾಯಿ, ಮೊದಲು ಮೆಣಸಿನಕಾಯಿ ಆಮೇಲೆ ಜೀರಿಗೆ, ಶಿವಮಲ್ಲು ನಕ್ಕ, ನಂಗ್ ಎಲ್ಲಾ ಒಂದೇ ತರ ಚಂದಾಗದೆ ಕಣೆ ಅಂದ, ಅವಳಿಗೂ ಚೆನ್ನಾಗಿಯೇ ಇತ್ತು, ಅತ್ತೆಯದರ ಹಾಗೇ ಇತ್ತು, ಮೂರು ಜನ ಒಂದೇ ಮಡಕೆಯ ಸಾರು ಉಂಡು ಇಬ್ಬರಿಗೆ ಚೆನ್ನಾಗಿದ್ದು ಒಬ್ಬರಿಗೆ ಸೇರುವುದಿಲ್ಲ ಎಂದರೆ ತಪ್ಪು ಮಡಕೆಯಲ್ಲಿದೆಯೋ ನಾಲಿಗೆಯಲ್ಲಿದೆಯೋ. ಎದುರು ಮನೆ ಗುರುಮಲ್ಲಮ್ಮನನ್ನು ಕೇಳಿದ್ದಾಯಿತು, ನಿಮ್ಮತ್ತೆ ಕಟ್ಟು ಬಸಿವಾಗ ವಸಿ ಕಾಳ ಕಿವುಚಿ ಬುಡೋಳು ಕಣವ್ವಿ, ಅದ್ಕೇ ಮಂದ ಇರದು, ಕಿವುಚಿದಳು, ಮಂದವಾಯಿತು, ಎರಡು ತುತ್ತು, ಕೈ ತೊಳೆದರು. ಕುಮಾರಿಗೆ ಫೋನ್ ಮಾಡಿದರೆ ಅವ್ವ ಮಾಡ್ದಂಗೇ ಮಾಡತ್ಗೆ, ಅಷ್ಟೇಯ, ಅದ್ರಲ್ಲೇನದೆ ಅಂದಳು, ಹುಟ್ಟಿದಾಗಿನಿಂದ ಉಂಡವಳಿಗೆ ಏನು ಉಂಡೆ ಎಂದು ಗೊತ್ತಿಲ್ಲ, ಉಂಡವರು ಯಾರಿಗೂ ಗೊತ್ತಿರುವುದಿಲ್ಲವೇನೋ, ನಾಳೆ ಮಾವ ಹೋಗುವುದು ಆ ಗೊತ್ತಿಲ್ಲದವಳ ಮನೆಗೆ.

ಬೆಂದಿತು, ಬಸಿದಳು, ಕಟ್ಟು ಒಂದು ಕಡೆ, ಕಾಳು ಸೊಪ್ಪು ಒಂದು ಕಡೆ, ಕಾಳಿಗೆ ಈರುಳ್ಳಿ ಒಗ್ಗರಣೆ ಕೊಟ್ಟರೆ ಪಲ್ಯ, ಕಟ್ಟಿಗೆ ಉಪ್ಪು ಬಿದ್ದಿದೆ, ಇನ್ನು ಖಾರ ಅರೆಯಬೇಕು, ಒಣ ಮೆಣಸಿನಕಾಯಿ, ಕರಿಮೆಣಸು, ಜೀರಿಗೆ, ಬೆಳ್ಳುಳ್ಳಿ, ಹುಣಸೆ, ಕಲ್ಲುಪ್ಪು, ಒರಳಿನ ಗುಂಡು ಗರಗರ ತಿರುಗುತ್ತಿದೆ, ಕಣ್ಣು ಉರಿಯುತ್ತಿದೆ, ಉಪ್ಸಾರಿಗೆ ಖಾರವನ್ನು ಮಡಕೆಗೆ ಹಾಕುವುದಿಲ್ಲ ಈ ಸೀಮೆಯಲ್ಲಿ, ಗೋಲಿ ಗಾತ್ರದ ಉಂಡೆ ಮಾಡಿ ತಟ್ಟೆಯ ಅಂಚಿಗೆ ಇಡುವುದು, ಉಣ್ಣುವವರು ಬೇಕಾದಷ್ಟು ಬೆರಳಲ್ಲಿ ತೆಗೆದು ಬಿಸಿ ಕಟ್ಟಿಗೆ ಕಲಸಿಕೊಳ್ಳುವುದು, ಅವರವರ ಖಾರ ಅವರವರ ಇಷ್ಟ, ಅವಳ ತಟ್ಟೆಯಲ್ಲಿ ಅರ್ಧ ಉಳಿಯುತ್ತದೆ, ಶಿವಮಲ್ಲುವಿನ ತಟ್ಟೆಯಲ್ಲಿ ಚೂರೂ ಉಳಿಯುವುದಿಲ್ಲ, ಮಾವನ ತಟ್ಟೆಯಲ್ಲಿ ಇಡೀ ಉಂಡೆ ಇಟ್ಟ ಹಾಗೇ ಇರುತ್ತದೆ, ದುಂಡಗೆ, ಕೆಂಪಗೆ, ತೊಳೆಯುವಾಗ ದಿನಾ ನೋಡುತ್ತಾಳೆ, ನೀರು ಹಾಯಿಸಿದರೆ ತಟ್ಟೆಯಿಂದ ಜಾರಿ ಬಚ್ಚಲಿನ ಕಡೆ ಉರುಳುತ್ತದೆ. ಖಾರ ಸೇರುತ್ತಿಲ್ಲವೇನೋ, ವಯಸ್ಸಾಯಿತಲ್ಲ, ಎಂದು ಮೆಣಸಿನಕಾಯಿ ಕಡಿಮೆ ಮಾಡಿದಳು, ಆಗಲೂ ದುಂಡಗೆ, ಮೆಣಸು ಹೆಚ್ಚು ಮಾಡಿದಳು, ಆಗಲೂ ಕೆಂಪಗೆ, ಹಸಿಮೆಣಸಿನಕಾಯಿ ಹಾಕಿದ ದಿನ ಹಸಿರು, ಅಷ್ಟೇ ವ್ಯತ್ಯಾಸ. ಒಂದೇ ಒಂದು ಸಲ ಅವರು ಮುಟ್ಟಿದ್ದು ತಿಥಿ ಮುಗಿದ ರಾತ್ರಿ, ನೆಂಟರೆಲ್ಲ ಹೊರಟ ಮೇಲೆ ಮನೆಯಲ್ಲಿ ಮೊದಲ ಉಪ್ಸಾರು, ಇಡೀ ಉಂಡೆಯನ್ನು ಹಾಗೇ ಕಟ್ಟಿನೊಳಕ್ಕೆ ತಳ್ಳಿ ಕಲಸಿ ಒಂದು ತುತ್ತು ನುಂಗಿದ್ದೇ ಕಣ್ಣು ಮೂಗಲ್ಲಿ ನೀರು ಸುರಿಯಿತು, ಮಾತೇ ಹೊರಡಲಿಲ್ಲ, ಗುರುಮಲ್ಲಮ್ಮ ಸೆರಗು ಬಾಯಿಗೆ ಇಟ್ಟುಕೊಂಡು ಅಳ್ಲಿ ಬುಡವ್ವ, ಹನ್ನೊಂದ್ ದಿನ್ದಿಂದ ಅತ್ತಿಲ್ಲ, ಎದೆ ಅಗುರಾಗ್ಲಿ ಅಂದಳು, ಶಿವಮಲ್ಲು ಅಪ್ಪನ ಬೆನ್ನು ಸವರಿದ, ಎಲ್ಲರೂ ಅತ್ತರು, ಅವಳೂ ಅತ್ತಳು, ತಟ್ಟೆ ಎತ್ತಿಟ್ಟರು — ಆ ರಾತ್ರಿಯಿಂದಲೇ ಅಲ್ಲವೇ ಉಂಡೆ ಇಟ್ಟ ಹಾಗೇ ಇರತೊಡಗಿದ್ದು, ಮುದ್ದೆಗಿಟ್ಟ ಎಸರು ಕುದಿಯಿತು, ಹಿಟ್ಟು ಹಾಕಬೇಕು.

ಹಿಟ್ಟು ಹಾಕಿ, ಕಾಲಲ್ಲಿ ಪಾತ್ರೆ ಒತ್ತಿ ಹಿಡಿದು, ಕೋಲು ತಿರುವುತ್ತ, ಎಡಕ್ಕೆ ಬಲಕ್ಕೆ, ಗಂಟಾಗಬಾರದು, ತೋಳು ನೋಯುತ್ತದೆ, ಅತ್ತೆ ಇದನ್ನು ದಿನಾ ಮಾಡುತ್ತಲೇ ಪಕ್ಕದ ಮನೆ ಸುದ್ದಿಯೆಲ್ಲ ಹೇಳಿ ಮುಗಿಸುತ್ತಿದ್ದರು, ಮಾತಾಡದೆ ಅತ್ತೆ ಏನನ್ನಾದರೂ ಮಾಡಿದ್ದುಂಟೇ, ಮಾವ ಉಣ್ಣುವಾಗಲೂ ಎದುರಿಗೆ ಕೂತು ಮಾತು, ಮಾತು, ಪುಣಜನೂರಿನ ಅಕ್ಕನ ಮನೆ ಮೇಲೆ ಆನೆ ಬಂದದ್ದು, ರಾಗಿ ಮೆದೆ ಎಳೆದದ್ದು, ಅವರು ಹೂಂ ಹೂಂ ಅನ್ನುತ್ತ ಉಣ್ಣುವುದು, ತಟ್ಟೆ ನೋಡದೆ, ಹೆಂಡತಿಯ ಮುಖ ನೋಡುತ್ತ. ಮುದ್ದೆ ಕಟ್ಟಿದಳು, ಬನ್ನಿ ಮಾವ ಎಂದಳು, ಅವರು ಬಂದು ಗೋಡೆಗೆ ಒರಗಿ ಕೂತರು, ತಟ್ಟೆಗೆ ಮುದ್ದೆ, ಪಲ್ಯ, ಬಟ್ಟಲ ತುಂಬ ಬಿಸಿ ಕಟ್ಟು, ಅಂಚಿಗೆ ಖಾರದ ಉಂಡೆ, ಮಾತ್ರೆ ನುಂಗಿದ್ರಾ, ಊಂ ಕಣ್ ಮಗ, ಇನ್ನು ನಿಲ್ಲಬಾರದು, ಸೊಸೆ ಎದುರಿಗೆ ನಿಂತರೆ ಅವರಿಗೆ ಸಂಕೋಚ, ಬಡಿಸಿ ಒಳಗೆ ಹೋಗಿಬಿಡುವುದು ಅಭ್ಯಾಸ, ಇವತ್ತೂ ಹೋದಳು, ಆದರೆ ಬಾಗಿಲ ಸಂದಿಯಲ್ಲಿ ನಿಂತಳು, ಕದ್ದು ನೋಡುವುದು ತಪ್ಪೇ, ತಪ್ಪಾದರೂ ಸರಿ, ನಾಳೆಯಿಂದ ನೋಡುವುದಕ್ಕೆ ಯಾರಿರುತ್ತಾರೆ. ಮಾವ ಕಟ್ಟನ್ನು ತಟ್ಟೆಗೆ ಸುರಿದುಕೊಂಡರು, ಮುದ್ದೆ ಮುರಿದರು, ಕೈ ಅಂಚಿನ ಕಡೆ ಹೋಯಿತು, ತೋರುಬೆರಳು ಉಂಡೆಯ ಹತ್ತಿರ ಹೋಗಿ ನಿಂತಿತು, ಮುಟ್ಟಲಿಲ್ಲ, ಬೇರೆಯವರ ಮನೆಯ ವಸ್ತುವನ್ನು ಮುಟ್ಟಲೋ ಬೇಡವೋ ಎಂಬ ಹಾಗೆ ಗಾಳಿಯಲ್ಲೇ ನಿಂತು, ಹಿಂದಕ್ಕೆ ಬಂತು, ಬರೀ ಕಟ್ಟಿನಲ್ಲೇ ತುತ್ತು ಅದ್ದಿ ನುಂಗಿದರು, ಸಪ್ಪೆ, ಉಪ್ಪು ನೀರು, ಅದು ಯಾರಿಗೆ ಇಳಿಯುತ್ತದೆ, ಇನ್ನೊಂದು ತುತ್ತು — ತಾಳು, ಖಾರ ಸೇರದವರ ಬೆರಳು ಖಾರದವರೆಗೆ ಹೋಗುವುದೇಕೆ.

ಅತ್ತೆಯ ಬೆರಳು, ಬಲಗೈ ತೋರುಬೆರಳು, ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದು ಕೆಂಪು ಗೆರೆ, ಎಷ್ಟು ತೊಳೆದರೂ ಹೋಗದ್ದು, ಅರೆದು ಅರೆದು ಹಾಗಾಗಿದೆ ಎಂದುಕೊಂಡಿದ್ದಳು, ಅವಳೂ ಇಷ್ಟು ದಿನದಿಂದ ಅರೆಯುತ್ತಿದ್ದಾಳೆ, ಅವಳ ಉಗುರಿಗೆ ಗೆರೆ ಬಂದಿಲ್ಲ, ಅರೆಯುವುದು ಗುಂಡು, ಬೆರಳಲ್ಲ — ಆನೆ ಮೆದೆ ಎಳುದ್ಬುಡ್ತಂತೆ ಕನ, ಅನ್ನುತ್ತ ಅತ್ತೆ ಕೈ ಚಾಚಿ ಗಂಡನ ತಟ್ಟೆಯ ಅಂಚಿನಿಂದ ಒಂದು ಚೂರು ಗೀರಿ ತೆಗೆದು ಕಟ್ಟಿನಲ್ಲಿ ಕಲಸಿ, ಬೆರಳು ನೆಕ್ಕಿ ರುಚಿ ನೋಡಿ, ಇನ್ನೂ ಒಂದು ಚೂರು ಗೀರಿ, ಆಮೇಲ್ ಅಕ್ಕ ಏನ್ ಮಾಡುದ್ಲು ಗೊತ್ತಾ, ಅನ್ನುತ್ತಲೇ, ಮಾತಿನ ಮಧ್ಯೆ, ದಿನಾ, ಒಂಬತ್ತು ವರ್ಷ ಅವಳು ಇದೇ ಬಾಗಿಲಿನಿಂದ ನೋಡಿದ್ದಾಳೆ, ನೋಡಿಯೇ ಇಲ್ಲ. ಮಾವನೂ ನೋಡಿಲ್ಲ, ಅವರು ಮುಖ ನೋಡುತ್ತಿದ್ದರು, ಮದುವೆಯಾದಾಗಿನಿಂದ ಒಂದು ದಿನವೂ ತಮ್ಮ ಖಾರ ತಾವು ಕಲಸಿಕೊಂಡವರಲ್ಲ, ಸಾರು ಹಾಗೇ ಬರುತ್ತದೆ ಅಂದುಕೊಂಡಿದ್ದರು, ಹಾಗಾದರೆ ಆ ರಾತ್ರಿ ಅವರು ಅತ್ತದ್ದಲ್ಲ, ಇಡೀ ಉಂಡೆ ಗಂಟಲು ಸುಟ್ಟದ್ದು, ಎಲ್ಲರೂ ಬೆನ್ನು ಸವರಿದರು, ಒಬ್ಬರೂ ನೀರು ಕೊಡಲಿಲ್ಲ, ಅಯ್ಯೋ ಮಾವ, ನಗು ಬರುತ್ತಿದೆ, ಕಣ್ಣಲ್ಲಿ ನೀರೂ ಬರುತ್ತಿದೆ, ಮಡಕೆ ಬದಲಾಯಿಸಿದೆ, ಸೌದೆ ಬದಲಾಯಿಸಿದೆ, ತಟ್ಟೆಯ ಮುಂದಿನ ಜಾಗ ಖಾಲಿ ಇದ್ದದ್ದು ಕಾಣಲಿಲ್ಲವಲ್ಲ. ಆಗಲೇ ಅವರು ಚೊಂಬಿಗೆ ಕೈ ಹಾಕುತ್ತಿದ್ದಾರೆ, ತೊಳೆದುಬಿಡುತ್ತಾರೆ, ತಡೀರಿ ಮಾವ ಎಂದು ಅವಳು ಬಾಗಿಲು ದಾಟಿದಳು, ದಾಟಿ ಅತ್ತೆ ಕೂರುತ್ತಿದ್ದ ಜಾಗದಲ್ಲೇ ಕೂತುಬಿಟ್ಟಳು, ಮಾವ ಕಕ್ಕಾಬಿಕ್ಕಿಯಾಗಿ ನೋಡಿದರು, ಅವಳು ಉಂಡೆಯನ್ನು ನೋಡಿದಳು, ಅವರೂ ಅದನ್ನೇ ನೋಡಿದರು, ಪರೀಕ್ಷೆಯಲ್ಲಿ ಕಾಪಿ ಹೊಡೆದು ಸಿಕ್ಕಿಬಿದ್ದ ಹುಡುಗರ ದನಿಯಲ್ಲಿ, ಇದುನ್ನ ಏಟ್ ಆಕ್ಬೇಕು ಮಗ, ಅಂದರು.

ಎಷ್ಟು, ಅದೇ ಪ್ರಶ್ನೆ, ಲ್ಯಾಬಿನ ಬ್ಯುರೆಟ್ಟಿನಿಂದ ಬಿಡುವಾಗ ಒಂದು ಹನಿ ಮುಂಚೆ ಬಣ್ಣವೇ ಇರುವುದಿಲ್ಲ, ಒಂದು ಹನಿ ಹೆಚ್ಚಾದರೆ ಎಲ್ಲ ಗುಲಾಬಿ, ಆ ಒಂದು ಹನಿ ಎಷ್ಟೆಂದು ಬಲ್ಲ ಬೆರಳನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿ ಬಂದಾಯಿತು, ನಂಗೂ ಗೊತ್ತಿಲ್ಲ ಮಾವ, ಎಂದಳು, ಮಾವ ಉಣ್ಣುತ್ತಿರುವ ತಟ್ಟೆಗೆ ಸೊಸೆ ಬೆರಳಿಡುವುದುಂಟೇ, ಇಲ್ಲ, ಯಾರ ಮನೆಯಲ್ಲೂ ಇಲ್ಲ, ಗುರುಮಲ್ಲಮ್ಮ ನೋಡಿದರೆ ಊರಿಗೆಲ್ಲ ಸಾರುತ್ತಾಳೆ, ಸಾರಲಿ, ಉಗುರು ತುದಿಯಲ್ಲಿ ಒಂದು ಚೂರು ಗೀರಿದಳು, ಕಟ್ಟಿಗೆ ಕಲಸಿದಳು, ಏನಾದರೂ ಮಾತಾಡಬೇಕು, ಅತ್ತೆ ಮಾತಾಡುತ್ತಿದ್ದರು, ಇವತ್ತ್ ಬಸ್ಸಲ್ಲಿ ಏನಾಯ್ತು ಗೊತ್ತಾ ಮಾವ, ಚಂದಕವಾಡಿಯೋರ್ ಒಬ್ರು ಕೋಳಿನ ಸೀಟಲ್ ಕೂರ್ಸಿ ಟಿಕೆಟ್ ತಗಳಲ್ಲ ಅಂತ, ಹೂಂ, ಅಂದರು ಮಾವ, ತುತ್ತು ಅದ್ದಿ ನುಂಗಿದರು, ತಟ್ಟೆಯನ್ನು ಅವಳ ಕಡೆ ಚೂರು ತಳ್ಳಿ, ವಸಿ ಕಮ್ಮಿ ಕಣ್ ಮಗ, ಅಂದರು, ನಲವತ್ತು ದಿನದಲ್ಲಿ ಸಾರಿನ ರುಚಿಯ ಬಗ್ಗೆ ಆಡಿದ ಮೊದಲ ಮಾತು, ಕಮ್ಮಿ, ಹಾಗಾದರೆ ಇನ್ನೊಂದು ಚೂರು, ಆಮೇಲ್ ಕಂಡಕ್ಟರ್ ಏನ್ ಅಂದ ಯೋಳು, ಅಂದರು ಮಾವ, ಹೇಳುತ್ತೇನೆ ಮಾವ, ಹೇಳುತ್ತೇನೆ, ಅವಳ ಬೆರಳು ಮತ್ತೆ ಅಂಚಿಗೆ ಹೋಯಿತು, ಹೋಗಿ ಅಲ್ಲೇ ನಿಂತಿತು — ಉಂಡೆ ಈಗ ದುಂಡಗಿಲ್ಲ, ಅದರ ಕೆಂಪು ಮೈಮೇಲೆ ಉಗುರಿನಷ್ಟು ಒಂದು ಗುಳಿ, ಅವಳ ಬೆರಳಿನದು, ಅಷ್ಟೇ ಸಣ್ಣದು, ಒಂದು ಗುಳಿ.