ಬೋರಲು ಮಲಗಿ ಕೇಳಿದ ಕಥೆ

ಮಾವನ ಕಣ್ಣಿನೊಳಗೆ ಕಿತ್ತುಬಂದಿದ್ದ ಪರದೆಯನ್ನು ಡಾಕ್ಟರು ಗಾಳಿಗುಳ್ಳೆ ಬಿಟ್ಟು ಕೂರಿಸಿ ಕಳಿಸಿದ್ದರು. ಒಂದು ವಾರ ಬೋರಲು ಮಲಗಿರಬೇಕು. ತಲೆ ಎತ್ತಿದರೆ ಗುಳ್ಳೆ ಜರುಗುತ್ತದೆ, ಕಣ್ಣು ಹೋಗುತ್ತದೆ. ದನಗಳ ಹಿಂದೆ ಓಡಾಡಿ ಬೆಳೆದ ಜೀವ. ಉಣ್ಣುವಾಗಲೂ ನೆಟ್ಟಗೆ ಒಂದು ಕಡೆ ಕೂತವರಲ್ಲ. ಎರಡು ದಿಂಬಿನ ಸಂದಿಗೆ ಮುಖ ಕೊಟ್ಟು ಮಲಗಿದ ಸ್ವಲ್ಪ ಹೊತ್ತಿಗೇ, "ಎಷ್ಟೂಂತ ನೆಲ ನೋಡ್ಲಿ?" ಎಂದು ಕಾಲು ಬಡಿಯತೊಡಗಿದರು.

ಸೊಸೆ ಮಂಚದ ತಲೆಗಡೆ ನೆಲದ ಮೇಲೆ ಕೂತು, ತಾನು ಕದ್ದು ಕದ್ದು ಫೋನಿನಲ್ಲಿ ಓದುತ್ತಿದ್ದ ಚೀನಾದ ಕಾದಂಬರಿಯನ್ನು ಜೋರಾಗಿ ಓದಿದಳು. ಬೆಟ್ಟದ ಮೇಲೊಂದು ಗುರುಮನೆ. ಸಾವನ್ನು ಗೆಲ್ಲಲು ಅಲ್ಲಿ ಜನ ಉಸಿರು ಬಿಗಿಹಿಡಿದು ಸಾಧನೆ ಮಾಡುತ್ತಾರೆ. ಅಂಗಳ ಗುಡಿಸುವ ನಾಯಕ ಮಹಾ ಪುಕ್ಕಲ. ಹೆದರಿ ಓಡಿದಷ್ಟೂ ಅವನ ಶಕ್ತಿ ಏರುತ್ತದೆ. ಅವನ ಗುರು ಒಂದು ಬಾತುಕೋಳಿ.

"ಬಾತುಕೋಳಿ ಏನು ಕಲಿಸ್ತದೆ?"

"ಬೈಯೋದು."

ದಿಂಬುಗಳು ಕುಲುಕಿದವು.

"ನಗಬೇಡಿ ಮಾವ, ತಲೆ ಅಲ್ಲಾಡುತ್ತೆ!"

"ನಗಿಸೋದನ್ನ ಓದಿ ನಗಬೇಡ ಅಂದ್ರೆ ಹೆಂಗೆ ತಾಯಿ? ಮುಂದೆ ಓದು."

ಮುಂದೆ ಶುರುವಾಯಿತು ರಗಳೆ. ಒಬ್ಬ ಸಾಹುಕಾರನ ಮಗ ಬಂದು, "ನಮ್ಮಪ್ಪ ಯಾರು ಗೊತ್ತಾ?" ಎಂದು ಎಗರಾಡಿ ಒದೆ ತಿಂದ. ಆಮೇಲೆ ಅಪ್ಪ ಬಂದು ತಿಂದ. ನಡುವೆ ಚಂದದ ಹೆಣ್ಣೊಬ್ಬಳು ಬಂದು ನಾಯಕನಿಗೆ ಮನಸೋತಳು, ಅವಳ ಹಿಂದೆಯೇ ಅವಳ ತಂಗಿ. ಹುಲ್ಲಿನ ಹೊರೆ ಹೊತ್ತು ಬಾಗಿಲಲ್ಲಿ ನಿಂತಿದ್ದ ಅತ್ತೆ, "ಆ ಹುಡುಗೀರಿಗೆ ಮನೇಲಿ ಕೆಲಸ ಇಲ್ವಾ?" ಎಂದು ಕೇಳಿ ಹೋದರು. ಸೊಸೆಗೂ ಸಾಕಾಗಿ, ಸೇಡಿಗೆಂದು ಬಂದ ಆ ಸಾಹುಕಾರರ ಮನೆಯ ಅಜ್ಜನ ಜಗಳವನ್ನು ಹಾರಿಸಿ ನೇರ ಮುತ್ತಜ್ಜನಿಗೆ ಬಂದಳು.

ಮಾವನ ತಲೆ ಎದ್ದೇಬಿಟ್ಟಿತು. "ಅಜ್ಜ ಎಲ್ಲಿ ಹೋದ?"

"ತಲೆ ಕೆಳಗೆ!"

"ಮೊದಲು ಅಜ್ಜನ್ನ ಹೊಡಿಸು!"

ಹಸುವಿನ ತಾಯಿ, ಅದರ ತಾಯಿ ಎಂದು ತಲೆಮಾರು ಬಾಯಲ್ಲಿ ಹೇಳುವ ಮನುಷ್ಯ. ಅವರೆದುರು ಒಬ್ಬ ಅಜ್ಜನನ್ನು ಮರೆಸುವುದು ಸಾಧ್ಯವಿರಲಿಲ್ಲ. ಸೊಸೆ ಹಿಂದಕ್ಕೆ ಹೋಗಿ ಅಜ್ಜನಿಗೂ ಒದೆ ಕೊಡಿಸಿದಳು. ಆದರೆ ಸಾಧನೆಯ ಹಂತಗಳನ್ನು ಮೆಟ್ಟಿಲು ಮೆಟ್ಟಿಲಾಗಿ ವರ್ಣಿಸುವ ಪುಟಗಳು ಬಂದಾಗ ಮಾವ ಗೊರಕೆ ಹೊಡೆಯುತ್ತಿದ್ದರು, ಅದೂ ಬೋರಲಾಗಿಯೇ. ತಾನು ಬರೀ ಕೊರೆತ ಅಂದುಕೊಂಡಿದ್ದ ಪುಟಗಳಿಗೆ ಅವಳು ಮನಸ್ಸಿನಲ್ಲೇ ಕೈಮುಗಿದಳು.

ಐದನೇ ದಿನ ಕೊಟ್ಟಿಗೆಯಿಂದ ಕೂಗು ಬಂತು. ದಿನ ತುಂಬಿದ್ದ ಹಸು ನೋವು ತಿನ್ನುತ್ತಿತ್ತು.

"ಅದು ಚೊಚ್ಚಲು. ನಾನು ಹೋಗ್ಬೇಕು," ಎಂದು ಮಾವ ಒಂದು ಕಾಲು ಕೆಳಗಿಟ್ಟರು.

"ಅತ್ತೆ ಇದ್ದಾರೆ ಮಾವ."

"ಅವಳಿಗೇನು ಗೊತ್ತು!" ಇನ್ನೊಂದು ಕಾಲೂ ಇಳಿಯಿತು.

ಸೊಸೆ ಫೋನು ನೋಡದೆಯೇ ಓದಿದಳು: "ಬಾಣ ನೇರವಾಗಿ ಬಂದು ಬಾತುಕೋಳಿಯ ಎದೆಗೆ ನಾಟಿತು..."

ಮಾವ ಗರಬಡಿದಂತೆ ನಿಂತರು. "ಸತ್ತೋಯ್ತಾ?"

"ಮಲಗಿದ್ರೆ ಹೇಳ್ತೀನಿ."

ಮಲಗಿದರು. ಅತ್ತೆ ಕರು ಎಳೆದು ಹಾಕುವ ತನಕ ಸೊಸೆ ಬಾತುಕೋಳಿಯನ್ನು ಕೊನೆಯುಸಿರಲ್ಲೇ ಇಟ್ಟು, ಬಾಯಿಗೆ ಬಂದ ಉಪದೇಶವನ್ನೆಲ್ಲ ಅದರ ಬಾಯಲ್ಲಿ ಹೇಳಿಸಿದಳು. ದಿಂಬಿನ ಸಂದಿಯಿಂದ ಮೂಗೆಳೆಯುವ ಸದ್ದು ಬರುತ್ತಿತ್ತು.

ಮಾರನೆಯ ದಿನ ನಿಜವಾದ ಪುಟ ತೆರೆದರೆ, ಬಾತುಕೋಳಿ ಯಾವುದೋ ಕೊಳದಲ್ಲಿ ಈಜುತ್ತಾ ನಾಯಕನಿಗೆ ಬೈಯುತ್ತಿತ್ತು. ಸೊಸೆ ತಡವರಿಸಿದಳು.

"ಬದುಕಿತು, ಅಲ್ವಾ?" ಎಂದರು ಮಾವ. "ಗೊತ್ತಿತ್ತು. ಈ ಕಥೇಲಿ ಸತ್ತವರು ಯಾರೂ ಸತ್ತ ಹಾಗೆ ಇರಲ್ಲ. ಇದರ ದೊಡ್ಡ ಹುಳುಕೇ ಅದು." ದಿಂಬಿಗೇ ಮೂಗು ಒರೆಸಿಕೊಂಡು, "ಒಳ್ಳೇದೇ ಆಯ್ತು ಬಿಡು," ಎಂದರು.

ವಾರ ಮುಗಿದ ಮೇಲೆ ಡಾಕ್ಟರು ಪಟ್ಟಿ ಬಿಚ್ಚಿ ಬೆಳಕು ಬಿಟ್ಟು ನೋಡಿದರು. "ಭೇಷ್, ಪರದೆ ಚೆನ್ನಾಗಿ ಅಂಟಿದೆ. ಇನ್ನು ಎದ್ದು ಓಡಾಡಬಹುದು."

ಮಾವ ಕುರ್ಚಿ ಬಿಟ್ಟು ಏಳಲಿಲ್ಲ. "ಆ ಇನ್ನೊಂದು ಕಣ್ಣನ್ನೂ ನೋಡಿಬಿಡಿ ಸ್ವಾಮಿ. ಎಲ್ಲಾದ್ರೂ ಸಡಿಲ ಇದ್ದೀತು."

ಡಾಕ್ಟರು ಬಗ್ಗಿ ನೋಡಿದರು. "ಏನಿಲ್ಲ, ಕಲ್ಲಿನ ಹಾಗೆ ಗಟ್ಟಿಯಾಗಿದೆ."

ಮಾವನ ಮುಖ ಸಪ್ಪಗಾಯಿತು. ವಾರವಿಡೀ ಓದಿ ಓದಿ ಗಂಟಲು ಕಟ್ಟಿಹೋಗಿದ್ದ ಸೊಸೆ ಡಾಕ್ಟರಿಗೆ ಎರಡೆರಡು ಸಲ ಕೈಮುಗಿದಳು.