ಸೆರಗಿನ ಮೆಕ್ಕೆಜೋಳ

ಕುದುರೆ ಚಂದ್ರಿ ಮರಿಯಾಗಿದ್ದಾಗ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿದವಳು ಕೊಟ್ರಬಸಮ್ಮ. ಕುರಿಮಂದೆಯ ಜೊತೆ ಊರೂರು ಅಲೆಯುವಾಗ ಗುಡಾರ, ಪಾತ್ರೆ, ನಡೆಯಲಾರದ ಕುರಿಮರಿಗಳನ್ನೆಲ್ಲ ಅದರ ಬೆನ್ನಿಗೆ ಹೇರಿ ಆರು ವರ್ಷ ಮುಂದೆ ನಡೆದವಳೂ ಅವಳೇ. ಅಂಥ ಕುದುರೆ, ಮೈದುನನ ಕೈಹಿಡಿದು ಮೊನ್ನೆ ಮೊನ್ನೆ ಚಿಗಟೇರಿಯಿಂದ ಬಂದ ಗಾಳೆಮ್ಮನ ಹಿಂದೆ ಬಾಲದಂತೆ ತಿರುಗತೊಡಗಿದರೆ ಹೊಟ್ಟೆ ಉರಿಯದೆ ಇನ್ನೇನಾದೀತು?

ಉರಿಯಿತು. ಚೆನ್ನಾಗಿಯೇ ಉರಿಯಿತು. ಗಾಳೆಮ್ಮ ಒಮ್ಮೆ ನಾಲಿಗೆ ಲೊಚಗುಟ್ಟಿದರೆ ಸಾಕು, ಆ ಬದುವಿನಿಂದ ಚಂದ್ರಿ ಓಡಿಬರುತ್ತಿತ್ತು. ಕೊಟ್ರಬಸಮ್ಮ ಗಂಟಲು ಹರಿಯುವಂತೆ ಕೂಗಿದರೂ ಅದರ ಕಿವಿ ಮಾತ್ರ ಅಲ್ಲಾಡುತ್ತಿತ್ತು. "ನಮ್ಮ ಗಾಳೆವ್ವನ ಕೈಗುಣ ನೋಡ್ರಿ" ಎಂದು ಗಂಡ ಮೈಲಪ್ಪ ಬೇರೆ ಹಲ್ಲು ಕಿರಿಯುತ್ತಿದ್ದ. ಆ ಮನುಷ್ಯ ಇವಳ ಅಡುಗೆಯನ್ನು ಒಂದು ದಿನವೂ ಹೊಗಳಿದವನಲ್ಲ.

ಆ ವಾರ ಅವರ ಮಂದೆ ಕಾನಹೊಸಹಳ್ಳಿ ಕಡೆಯ ಹೊಲವೊಂದರಲ್ಲಿ ಬೀಡುಬಿಟ್ಟಿತ್ತು. ರಾತ್ರಿಯೆಲ್ಲ ಕುರಿಗಳನ್ನು ಅಲ್ಲೇ ತರುಬಿ ಹೊಲಕ್ಕೆ ಗೊಬ್ಬರ ಮಾಡಿಕೊಟ್ಟಿದ್ದಕ್ಕೆ ಹೊಲದವರು ಎರಡು ಚೀಲ ಮೆಕ್ಕೆಜೋಳ ಕೊಟ್ಟಿದ್ದರು. ಕೊಟ್ರಬಸಮ್ಮ ದಿನಾ ಬೆಳಗ್ಗೆ ಯಾರಿಗೂ ಕಾಣದಂತೆ ಸೆರಗಿನ ತುಂಬ ಕಾಳು ಕಟ್ಟಿಕೊಂಡು ಹೋಗಿ ಚಂದ್ರಿಯ ಬಾಯಿಗಿಟ್ಟಳು. ಹುಲ್ಲು ತಿಂದು ಬೆಳೆದ ಜೀವ, ಅಷ್ಟು ಕಾಳು ಕಂಡಿರಲಿಲ್ಲ. ನಾಲ್ಕನೆಯ ದಿನ ಅದು ಇವಳನ್ನು ಕಂಡೊಡನೆ ಕೆನೆಯಿತು. ಕೊಟ್ರಬಸಮ್ಮನಿಗೆ ಸ್ವರ್ಗ ಮೂರೇ ಗೇಣು. ಮರುದಿನ ಎರಡು ಸೆರಗು ಕಾಳು ಹಾಕಿದಳು.

ಆರನೆಯ ದಿನ ಚಂದ್ರಿ ಹೆಜ್ಜೆ ಎತ್ತಲಿಲ್ಲ. ಮುಂಗಾಲು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂಗಾಲಿಗೆ ಹಾಕಿ ನಡುಗುತ್ತ ನಿಂತಿತ್ತು. ಮುಳ್ಳು ಚುಚ್ಚಿರಬೇಕೆಂದು ಹುಡುಕಿದರೆ ಮುಳ್ಳಿಲ್ಲ. ಗೊರಸು ಮಾತ್ರ ಕಾದ ಹಂಚಿನಂತೆ ಸುಡುತ್ತಿತ್ತು. ಮೈಲಪ್ಪ ಕೂಡ್ಲಿಗಿಯಿಂದ ದನದ ಡಾಕ್ಟರು ಮೌನೇಶರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ.

"ಕಾಳು ಹೆಚ್ಚಾಗೈತಿ," ಡಾಕ್ಟರು ಗೊರಸು ಮುಟ್ಟಿ ನೋಡಿ ಹೇಳಿದರು. "ಹೊಟ್ಯಾಗ ಹುಳಿತು, ನಂಜಾಗಿ ಗೊರಸಿಗೆ ಇಳದೈತಿ. ಒಳಗ ಬಾವು. ಹಿಂಗ ಬಿಟ್ರ ಗೊರಸಿನೊಳಗಿನ ಎಲುಬು ಜಾರತೈತಿ, ಆಮ್ಯಾಲೆ ಇದು ಎದ್ದು ನಿಲ್ಲಂಗಿಲ್ಲ. ಕಾಳು ಹಾಕಿದೋರು ಯಾರ್ರಿ?"

ಎಲ್ಲರ ಕಣ್ಣೂ ಗಾಳೆಮ್ಮನ ಮೇಲೆ ಬಿತ್ತು. "ನಿಂದು ಮುದ್ದು ಹೆಚ್ಚಾತು," ಮೈಲಪ್ಪ ಗದರಿದ.

"ದೇವರಾಣಿ ಬಾವಾ, ನಾ ಒಂದು ಕಾಳೂ ಹಾಕಿಲ್ರಿ" ಎಂದು ಅವಳು ಅತ್ತಳು.

ಕೊಟ್ರಬಸಮ್ಮ ಬಾಯಿ ಬಿಡಲಿಲ್ಲ. ಅಷ್ಟೇ ಅಲ್ಲ, ಆ ಅಳು ಅವಳಿಗೆ ಹಿತವಾಯಿತು.

ಆಗ ಚಂದ್ರಿ ಕೆನೆಯಿತು. ಗಾಳೆಮ್ಮನನ್ನು ದಾಟಿ, ಕೆಂಡ ತುಳಿದಂತೆ ಕಾಲಿಡುತ್ತ, ಒಂದೊಂದು ಹೆಜ್ಜೆಗೂ ನರಳುತ್ತ ಬಂದು ಕೊಟ್ರಬಸಮ್ಮನ ಸೆರಗಿಗೆ ಮೂತಿ ತುರುಕಿತು.

"ನಾನ ಹಾಕೀನ್ರಿ," ಎಂದಳು ಅವಳು. "ಐದು ದಿನ. ನನ್ನ ಹಿಂದ ಬರ್ಲಿ ಅಂತ."

ಡಾಕ್ಟರು ಸೂಜಿ ಹಾಕಿದರು. ಒಣಹುಲ್ಲು ಬಿಟ್ಟು ಬೇರೇನೂ ಬೇಡ, ಕಾಲಿಗೆ ತಣ್ಣೀರು ಹಾಕುತ್ತಿರಿ, ಮೆತ್ತನೆ ಮರಳ ಮೇಲೆ ನಿಲ್ಲಿಸಿ, ನಡೆಸಲೇಬೇಡಿ ಎಂದರು. ಕೊಟ್ರಬಸಮ್ಮ ಹಳ್ಳದಿಂದ ಬುಟ್ಟಿಗಟ್ಟಲೆ ಮರಳು ಹೊತ್ತಳು. ಕೊನೆಯ ಬುಟ್ಟಿ ಸುರಿಯಲು ಬಂದಾಗ ಚಂದ್ರಿ ಅವಳತ್ತ ಮತ್ತೆ ಕಾಲೆತ್ತಿತು.

"ಅಕ್ಕಾ, ನೀ ಈ ಕಡಿ ಬರಬ್ಯಾಡ," ಎಂದಳು ಗಾಳೆಮ್ಮ, ಸಿಟ್ಟಿಲ್ಲದೆ. "ನಿನ್ನ ಕಂಡ್ರ ನಡೀತಾಳ."

ಕೊಟ್ರಬಸಮ್ಮ ಗುಡಾರದ ಹಿಂದೆ ಹೋಗಿ ಕೂತಳು. ಆಚೆಯಿಂದ ಚಂದ್ರಿ ಅವಳಿಗಾಗಿ ಕೂಗುತ್ತಲೇ ಇತ್ತು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು, ಅಲ್ಲಾಡದೆ ಕೂತಳು.