ನಾನ್ನೂರು ವಾಕ್ಯಗಳ ಸೋಮಾರಿ ಪಟ್ಟಿ

ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಯೊಂದನ್ನು ಕಟ್ಟಿ ಹನ್ನೊಂದು ವರ್ಷ ಸಾಕಿದವನು ಅವನು. ಹನ್ನೊಂದನೆಯ ವರ್ಷ ಅದರ ಪಟ್ಟಿಗಳಿಗೆ ಸೋಮಾರಿತನ ಕಲಿಸಿದ. ಅಂದರೆ, ಲಕ್ಷ ಸಾಲಿನ ಪಟ್ಟಿಗೆ ಏನೇ ಕೆಲಸ ಹೇಳಿದರೂ ಅದು 'ಆಯಿತು' ಎಂದು ಸುಮ್ಮನೆ ಕೂರುತ್ತದೆ. ಯಾರಾದರೂ ಬಂದು ಒಂದು ಸಾಲು ತೆರೆದರೆ ಆ ಒಂದರ ಮಟ್ಟಿಗೆ ಮಾತ್ರ ಮೈ ಬಗ್ಗಿಸುತ್ತದೆ. ಬೇಡದ ದುಡಿಮೆ ತಪ್ಪಿತೆಂದು ಜೊತೆಯವರು ಅವನನ್ನು ಅಟ್ಟಕ್ಕೇರಿಸಿದರು.

"ನಿನ್ನ ಹಾಗೇ ಇದೆ ಬಿಡು. ಹೂಂ ಅಂತೀಯ, ಕೂತಲ್ಲಿಂದ ಏಳಲ್ಲ," ಎಂದು ಹೆಂಡತಿ ನಕ್ಕಿದ್ದಳು.

ಆಗ ಅವಳಿಗೆ ದನಿಯಿತ್ತು. ಗಂಟಲ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕೆಂದು ಡಾಕ್ಟರು ಹೇಳಿದ ಮೇಲೆ, ಆಸ್ಪತ್ರೆಯಿಂದ ಎರವಲು ತಂದ ರೆಕಾರ್ಡರಿನ ಮುಂದೆ ಒಂಬತ್ತು ದಿನ ಕೂತು ನಾನ್ನೂರು ವಾಕ್ಯ ಓದಿದಳು. ಮುಂದೆ ಯಂತ್ರವಾದರೂ ಅವಳ ದನಿಯಲ್ಲಿ ಮಾತಾಡಲಿ ಎಂದು. ನಡುವೆ ಗಂಡನನ್ನು ಬೈದದ್ದೂ ಅದರಲ್ಲಿ ಸೇರಿತು.

ಅದನ್ನೆಲ್ಲ ಮನೆಯ ಕಂಪ್ಯೂಟರಿಗೆ ಇಳಿಸಲು ಅವನು ತನ್ನದೇ ಭಾಷೆಯಲ್ಲಿ ಮೂರು ಸಾಲು ಬರೆದ: ಪಟ್ಟಿಯ ಪ್ರತಿಯೊಂದನ್ನೂ ನಕಲು ಮಾಡು. 'ಆಯಿತು, ನಾನ್ನೂರು' ಎಂದಿತು ಪರದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತೆಂದು ಬೀಗಿದ. ಹೆತ್ತವರಿಗೆ ಹೆಗ್ಗಣ ಮುದ್ದು. ರೆಕಾರ್ಡರು ಇನ್ನೂ ಒಂದು ವಾರ ಅವನ ಮೇಜಿನ ಮೇಲೇ, ತಂತಿ ಸಿಕ್ಕಿಸಿಕೊಂಡು ಬಿದ್ದಿತ್ತು. ಆಮೇಲೆ ಹಿಂದಿರುಗಿಸಿದ. ಅಲ್ಲಿನ ರೂಢಿಯಂತೆ ನರ್ಸು ಅವನೆದುರೇ ಅದರಲ್ಲಿದ್ದುದನ್ನೆಲ್ಲ ಅಳಿಸಿ ಮುಂದಿನ ರೋಗಿಗೆ ಎತ್ತಿಟ್ಟಳು.

ಕತ್ತಿನಲ್ಲಿ ಉಸಿರಿಗೊಂದು ತೂತು ಉಳಿಸಿದ ಆಪರೇಷನ್ನಾಗಿ ಆರು ವಾರಕ್ಕೆ ಅವಳು ಸ್ಲೇಟಿನಲ್ಲಿ ಬರೆದಳು: "ನನ್ನ ದನಿ ಹಾಕು."

ನಾನ್ನೂರು ಹೆಸರೂ ಸಾಲಾಗಿದ್ದವು. ಮೊದಲನೆಯದನ್ನು ತೆರೆದ. 'ರೆಕಾರ್ಡರ್ ಸಿಗುತ್ತಿಲ್ಲ' ಎಂದಿತು ಪರದೆ. ಹದಿನೇಳನೆಯದಕ್ಕೂ ಅದೇ ಮಾತು, ಕೊನೆಯದಕ್ಕೂ ಅದೇ. ಬೇರೆಯವರಿಗಾದರೆ ಅರ್ಥವಾಗಲು ಒಂದು ದಿನ ಹಿಡಿಯುತ್ತಿತ್ತು. ಅವನಿಗೆ ಅರೆಗಳಿಗೆ ಸಾಕಾಯಿತು. ಯಾರೂ ತೆರೆದಿರಲಿಲ್ಲ, ಹಾಗಾಗಿ ಒಂದೂ ನಕಲಾಗಿರಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವನಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು.

"ಒಂದೂ ಇಲ್ಲ ಕಣೇ. ನಾನೇ ಮಾಡಿದ್ದು," ಎಂದ.

ಅವಳು ಬರೆದಳು, ಅಳಿಸಿದಳು, ಮತ್ತೆ ಬರೆದಳು: "ಆ ಒಂದು ವಾರದಲ್ಲಿ ಒಂದನ್ನಾದರೂ ಹಾಕಿ ನೋಡಲಿಲ್ವಾ?"

ನೋಡಿದ್ದರೆ ಆ ಒಂದಾದರೂ ಉಳಿಯುತ್ತಿತ್ತು. "ಇಲ್ಲೇ ಇರುತ್ತಲ್ಲ, ಬೇಕಾದಾಗ ತೆರೆದರಾಯ್ತು ಅಂದ್ಕೊಂಡೆ," ಎಂದ.

ಅವಳು ಎಂದಿನಂತೆ ಬೈಯಲು ಬಾಯಿ ತೆರೆದಳು. ಕತ್ತಿನ ತೂತಿನಿಂದ ಬರೀ ಗಾಳಿ ಬಂತು.